ಕಾಗದದ ಸಂಬಳ, ಕೈಗೆ ಬರುವ ಸಂಬಳ

ಕೇಳುಗರಿಗೆ ನಮಸ್ಕಾರ.

ಕಳೆದ ವಾರ ಪಕ್ಕದ ಮನೆಯ ಹುಡುಗ ನೇಮಕ ಪತ್ರ ಹಿಡಿದುಕೊಂಡು ನಮ್ಮ ಜಗಲಿಗೆ ಬಂದ. ಕೆಮಿಕಲ್ ಇಂಜಿನಿಯರಿಂಗ್ ಓದಿದವನು. ಗುಜರಾತಿನ ಭರೂಚ್ ಕಡೆ ಕೆಲಸ. "ಮಾವ, ವರ್ಷಕ್ಕೆ 4,80,000. ತಿಂಗಳಿಗೆ 40,000 ಆಯ್ತಲ್ವಾ?" ಎಂದ. ಅವನಮ್ಮ ಅಷ್ಟರಲ್ಲೇ ಕುಂಬಳೆ ಪೇಟೆಯಲ್ಲಿ ನಾಲ್ಕು ಜನರಿಗೆ ಹೇಳಿಯೂ ಆಗಿತ್ತು.

ಪೆನ್ಸಿಲ್ ತೆಗೆದುಕೊಂಡು ಕೂತೆ. ಮೂಲ ವೇತನ 20,000. ಕಂಪನಿ ಕಟ್ಟುವ ಪಿಎಫ್ ಅದರ ಶೇಕಡಾ 12, ಅಂದ್ರೆ 2,400. ಗ್ರಾಚ್ಯುಯಿಟಿ, ಅಂದ್ರೆ ಕೆಲಸ ಬಿಡುವಾಗ ಕೊಡುವ ಇಡಿಗಂಟು, ಅದರ ಲೆಕ್ಕ ಶೇಕಡಾ 4.81, ಅದು 962. ಇವೆರಡೂ ಆ 40,000ದ ಒಳಗೇ ಉಂಟು. ಇವನ ಪಾಲಿನ ಪಿಎಫ್ ಇನ್ನೊಂದು 2,400. ವರ್ಷದ ಕೊನೆಗೆ 'ಕೆಲಸ ನೋಡಿ' ಕೊಡುವ ಹಣ ತಿಂಗಳಿಗೆ 4,000 ಲೆಕ್ಕ. ಉಳಿದದ್ದು 30,238. ಬಸ್ಸು, ಕ್ಯಾಂಟೀನಿನದು ಇನ್ನೂ ಕಳೆದಿಲ್ಲ. ಪಿಎಫ್ ಎಲ್ಲಿಗೂ ಹೋಗುವುದಿಲ್ಲ, ಅದು ಅವನದ್ದೇ. ಆದ್ರೆ ಅದರಿಂದ ಈ ತಿಂಗಳ ಅಕ್ಕಿ ಬರುವುದಿಲ್ಲ ನೋಡಿ.

"ಶಿಫ್ಟ್ ಹೇಗೆ ಅಂತ ಕೇಳಿದ್ಯಾ?" ಎಂದೆ. ಕೇಳಿರಲಿಲ್ಲ.

ಕಾರ್ಖಾನೆಯ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ಶಿಫ್ಟಿನಲ್ಲಿ ನಾನು ಎಷ್ಟೋ ವರ್ಷ ಕಳೆದಿದ್ದೇನೆ. ಬೆಳಗಿನ ತನಕ ಯಕ್ಷಗಾನದ ಆಟ ನೋಡಿದ ಊರಿನವರು ನಾವು, ನಿದ್ದೆಗೆಡುವುದು ಹೊಸತಲ್ಲ. ಆದ್ರೆ ಆಟದಲ್ಲಿ ಕೂತಲ್ಲೇ ತೂಕಡಿಸಬಹುದು. ಇಲ್ಲಿ ಹಾಗಲ್ಲ. ಒಂದು ಬೆಳಗಿನ ಜಾವ ನಾಲ್ಕು ಗಂಟೆಗೆ ಪಂಪಿನ ಸೀಲಿನಿಂದ ಅಮೋನಿಯಾ ಸೋರಿತು. ಮೊದಲು ಮೂಗಿಗೆ ಹೊಡೆಯಿತು, ಕಣ್ಣಿನಲ್ಲಿ ಬಳಬಳ ನೀರು. ಎಲ್ಲರೂ ತಲೆಯೆತ್ತಿ ನೋಡಿದ್ದು ಗಾಳಿಯ ದಿಕ್ಕು ತೋರಿಸಲು ಕಂಬಕ್ಕೆ ಕಟ್ಟಿದ ಗಾಳಿಚೀಲವನ್ನು. ಅದು ಉಬ್ಬಿದ ದಿಕ್ಕಿಗೆ ಓಡಿದರೆ ಅನಿಲವೂ ಬೆನ್ನ ಹಿಂದೆಯೇ ಬರುತ್ತದೆ. ಅದಕ್ಕೆ ಅಡ್ಡಕ್ಕೆ ಓಡಬೇಕು. ಅಮೋನಿಯಾ ವಾಸನೆ ಕೊಟ್ಟು ಎಚ್ಚರಿಸುತ್ತದೆ. ಹೈಡ್ರೋಜನ್ ಸಲ್ಫೈಡ್ ಹಾಗಲ್ಲ, ಜಾಸ್ತಿಯಾದರೆ ಮೂಗನ್ನೇ ಸಾಯಿಸುತ್ತದೆ. ವಾಸನೆ ನಿಂತಿತು ಅಂತ ಸಮಾಧಾನ ಪಟ್ಟವನು ಅಲ್ಲೇ ಬಿದ್ದ ಹಾಗೆ.

1984ರ ಭೋಪಾಲ ದುರಂತದ ನಂತರ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಬಂತು. ಅಪಾಯ ಕಂಡರೆ ಎಚ್ಚರಿಸುವ ಹಕ್ಕನ್ನು ಕಾರ್ಮಿಕನಿಗೆ ಕೊಟ್ಟಿತು. ಕಾಗದದಲ್ಲಿರುವ ಹಕ್ಕನ್ನು ನಾಲ್ಕು ಗಂಟೆಯ ಕತ್ತಲಲ್ಲಿ ಬಾಯಿಬಿಟ್ಟು ಹೇಳುವುದು ಬೇರೆ ಮಾತು, ಬಿಡಿ.

ವರ್ಷಕ್ಕೊಮ್ಮೆ ಶಟ್‌ಡೌನ್. ಇಡೀ ಪ್ಲಾಂಟ್ ನಿಲ್ಲಿಸಿ ಕೊಳವೆ, ಟ್ಯಾಂಕು ಬಿಚ್ಚಿ ರಿಪೇರಿ. ದಿನಕ್ಕೆ ಹದಿನಾರು ಗಂಟೆ ನಿಂತದ್ದುಂಟು. ನನ್ನ ಕೈಕೆಳಗಿನ ಕಾರ್ಮಿಕರಿಗೆ ಹೆಚ್ಚುವರಿ ದುಡಿಮೆಗೆ ಕೂಲಿ ಎರಡು ಪಟ್ಟು. ನನಗೆ? ನಾನು 'ಆಫೀಸರ್' ಅಲ್ವಾ, ಒಂದು ಕಪ್ ಚಹಾ. ಆ ತಿಂಗಳು ನನ್ನ ಫಿಟ್ಟರನ ಸಂಬಳ ನನ್ನದಕ್ಕಿಂತ ಜಾಸ್ತಿ ಇತ್ತು. ಹೊಟ್ಟೆಕಿಚ್ಚಿಲ್ಲ, ಅವನು ದುಡಿದದ್ದು. ನಾನೂ ಸುಮ್ನೆ ಕೂತಿರಲಿಲ್ಲ, ಅಷ್ಟೆ.

ಹುಡುಗ ಪತ್ರದ ಹಿಂಬದಿಯಲ್ಲಿ ಎಲ್ಲ ಬರೆದುಕೊಂಡ. ರಾತ್ರಿ ಪಾಳಿಗೆ ಭತ್ಯೆ ಎಷ್ಟು, ವಾರದ ರಜೆ ಯಾವಾಗ, ಕ್ವಾರ್ಟರ್ಸ್ ಉಂಟಾ ಅಂತ. ಎದ್ದು ಹೊರಟವನು ಮೆಟ್ಟಿಲಲ್ಲಿ ನಿಂತ. "ಮಾವ, ಮಧೂರಿನ ಜಾತ್ರೆಗೆ ಬರ್ಲಿಕ್ಕೆ ರಜೆ ಸಿಗ್ತದಾ?"

"ಶಟ್‌ಡೌನ್ ಯಾವ ತಿಂಗಳು ಅಂತ ಮೊದಲು ಕೇಳು ಮಾರಾಯ" ಎಂದೆ.