ಟ್ಯೂಬಿನ ಸ್ಟಿಕರು, ಬಿಲ್ಲಿನ ನಂಬರು

ಕೇಳುಗರಿಗೆ ನಮಸ್ಕಾರ. ರಕ್ತ ತಪಾಸಣೆಗೆಂದು ಗದಗ, ಹಾವೇರಿ ಕಡೆಯಿಂದ ಮುಂಜಾನೆಯ ಬಸ್ಸು ಹಿಡಿದು ಹುಬ್ಬಳ್ಳಿಗೆ ಬರುವವರಿಗೆ ಒಂದೇ ಮಾತು ಹೇಳುವುದಿದೆ. ರಕ್ತ ತೆಗೆದ ಮೇಲೆ, ಕುರ್ಚಿ ಬಿಟ್ಟು ಏಳುವ ಮೊದಲೇ, ನಿಮ್ಮೆದುರಿಗೇ ಟ್ಯೂಬಿಗೆ ಸ್ಟಿಕರ್ ಹಚ್ಚಿಸಿರಿ. ಅದರ ಮೇಲಿನ ಹೆಸರನ್ನೂ ನಂಬರನ್ನೂ ಬಿಲ್ಲಿನ ಜೊತೆ ತಾಳೆ ನೋಡಿರಿ.

ಹೆಸರು ಸರಿ ಇದ್ದರೆ ಸಾಲದೇ? ಸಾಲದು. ಯಂತ್ರ ಹೆಸರು ಓದುವುದಿಲ್ಲ, ಬಾರ್‌ಕೋಡ್, ಅಂದರೆ ಆ ನಂಬರನ್ನೇ ಹೇಳುವ ಕಪ್ಪು ಗೆರೆಗಳನ್ನು ಓದುತ್ತದೆ. ಬಾರ್‌ಕೋಡ್ ಯಾರದೋ, ರಿಪೋರ್ಟು ಅವರ ಹೆಸರಿಗೆ.

ಈ ಸ್ಟಿಕರ್ ಮುದ್ರಿಸುವುದು ಲ್ಯಾಬಿನ ಸಾಫ್ಟ್‌ವೇರು. ಅದರಲ್ಲೇ ದೋಷ ಕಂಡು ಕಂಪನಿಗಳು ರಿಕಾಲ್ ಮಾಡಿದ, ಅಂದರೆ ಸರಿಪಡಿಸಲು ಇಲ್ಲವೇ ಹಿಂದಕ್ಕೆ ಪಡೆಯಲು ಸೂಚನೆ ಕೊಟ್ಟ ಪ್ರಸಂಗಗಳು ಅಮೆರಿಕದಲ್ಲಿ ದಾಖಲಾಗಿವೆ. ಅಲ್ಲಿನ ಔಷಧ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ರಿಕಾಲುಗಳನ್ನು 3 ದರ್ಜೆ ಮಾಡುತ್ತದೆ, ಮೊದಲ ದರ್ಜೆಯೆಂದರೆ ಗಂಭೀರ ಹಾನಿ ಇಲ್ಲವೇ ಜೀವಕ್ಕೇ ಕುತ್ತು ತರಬಹುದಾದದ್ದು.

ದೋಷ ಹೇಗೆ ನುಸುಳುತ್ತದೆ ನೋಡಿ. ಮುಂಜಾನೆ 8 ಗಂಟೆ, ಖಾಲಿ ಹೊಟ್ಟೆಯವರ ಪಾಳಿ. ಎರಡು ಕೌಂಟರು, ಒಂದೇ ಪ್ರಿಂಟರು. ಒಂದು ಕಡೆ ರಾಣೆಬೆನ್ನೂರಿನ ಬಸವರಾಜ, ಇನ್ನೊಂದು ಕಡೆ ನರಗುಂದದ ಶಾಂತವ್ವ. ಅಷ್ಟರಲ್ಲಿ ಸ್ಟಿಕರ್ ರೋಲ್ ಮುಗಿಯುತ್ತದೆ. ಹೊಸ ರೋಲ್ ಹಾಕಿ ಮತ್ತೊಮ್ಮೆ ಪ್ರಿಂಟ್ ಒತ್ತಿದಾಗ, ಕೆಟ್ಟ ಸಾಫ್ಟ್‌ವೇರು ಹೆಸರನ್ನು ಹಳೆಯ ದಾಖಲೆಯಿಂದ, ಬಾರ್‌ಕೋಡನ್ನು ಆಗಷ್ಟೇ ತೆರೆದ ದಾಖಲೆಯಿಂದ ಎತ್ತಿಕೊಳ್ಳಬಹುದು. ಸ್ಟಿಕರು ಸ್ವಚ್ಛವಾಗಿಯೇ ಬರುತ್ತದೆ, ಯಾರಿಗೂ ಸಂಶಯ ಬಾರದು. ನೇರಳೆ ಮುಚ್ಚಳದ ಆ ಟ್ಯೂಬು ರಕ್ತದ ಗುಂಪು ನೋಡಲು ಹೋದರೆ? ಎ ಗುಂಪಿನವರಿಗೆ ಬಿ ಗುಂಪಿನ ರಕ್ತ ಏರಿಸಿದರೆ ಕೆಂಪು ಕಣಗಳು ಒಡೆದು ಮೂತ್ರಪಿಂಡ ಕೈಕೊಡಬಹುದು, ಪ್ರಾಣವೂ ಹೋಗಬಹುದು. ಅದಕ್ಕೇ ರಕ್ತ ಏರಿಸುವ ಮೊದಲು ಬೇರೆ ಹೊತ್ತಿನಲ್ಲಿ, ಬೇರೆಯಾಗಿ ತೆಗೆದ ಎರಡನೇ ಸ್ಯಾಂಪಲ್ ಕೆಲವು ಕಡೆ ಕೇಳುತ್ತಾರೆ. ದಯವಿಟ್ಟು ಬೇಸರಪಡಬೇಡಿ.

ಲ್ಯಾಬಿನವರಿಗೂ ಎರಡು ಮಾತು. ರಿಕಾಲ್ ಪತ್ರ ಬಂದರೆ ಅಂದೇ ಆ ಮುದ್ರಣ ನಿಲ್ಲಿಸಿ, ಕೈಯಿಂದ ಬರೆಯಿರಿ. ದೋಷದ ಆವೃತ್ತಿ ಹಾಕಿದ ದಿನದಿಂದ ಇಲ್ಲಿಯವರೆಗಿನ ಸ್ಯಾಂಪಲ್ ಪಟ್ಟಿ ತೆಗೆಯಿರಿ. ಹಿಂದಿನ ರಿಪೋರ್ಟಿಗೆ ಹೊಂದದವನ್ನು ಮೊದಲು ಹಿಡಿಯಿರಿ: ನಿನ್ನೆ ಹಿಮೋಗ್ಲೋಬಿನ್ 7 ಇದ್ದವರಿಗೆ ರಕ್ತ ಏರಿಸದೆಯೇ ಇಂದು 13 ಆಗುವುದಿಲ್ಲ. "ಅಪ್‌ಡೇಟ್ ಹಾಕ್ಯಾರ, ಮುಗೀತು" ಅಂದರೆ ನಡೆಯದು. ಎರಡೂ ಕೌಂಟರಿನಿಂದ ಒಟ್ಟಿಗೆ ಪ್ರಿಂಟ್ ಕೊಡಿ, ನಡುವೆ ರೋಲ್ ತೆಗೆಯಿರಿ, ಮತ್ತೆ ಮುದ್ರಿಸಿ, ಪ್ರತಿ ಸ್ಟಿಕರನ್ನೂ ಸ್ಕ್ಯಾನ್ ಮಾಡಿ ನೋಡಿ. "ನೀವು ಬಸವರಾಜ ಅಲ್ಲೇನ್ರಿ?" ಎಂದೂ ಕೇಳಬೇಡಿ, ನಿದ್ದೆಗಣ್ಣಲ್ಲಿ ಯಾರಾದರೂ ಹೂಂ ಅಂದಾರು. "ನಿಮ್ಮ ಹೆಸರೇನ್ರಿ?" ಎಂದು ಕೇಳಿ, ಅವರ ಬಾಯಿಂದಲೇ ಹೇಳಿಸಿ.

ಕೇಳುಗರೇ, ಹೆಸರು ಬರೆಸುವಾಗ ನಿಮ್ಮದೇ ಮೊಬೈಲ್ ನಂಬರ್ ಕೊಡಿ. ತಪ್ಪು ಪತ್ತೆಯಾದರೆ ಲ್ಯಾಬಿನವರು ಫೋನ್ ಮಾಡುವುದು ಅದಕ್ಕೇ. ಮತ್ತೆ ಹೇಳುತ್ತೇನೆ, ಕುರ್ಚಿಯಿಂದ ಏಳುವ ಮೊದಲು ಸ್ಟಿಕರ್ ಓದಿರಿ, ಹೆಸರಷ್ಟೇ ಅಲ್ಲ, ನಂಬರನ್ನೂ. ಓದಲು ಬಾರದವರು ಜೊತೆಗೆ ಬಂದವರ ಕಡೆಯಿಂದ ಓದಿಸಿರಿ. ನಮಸ್ಕಾರ.