ಬಿಟ್ಟು ಹೋಗಬಹುದಾ?

(ಜೀತ ಪದ್ಧತಿ ನಿರ್ಮೂಲನಾ ದಿನದಂದು ಬಿ.ಎಡ್. ಕಾಲೇಜೊಂದರಲ್ಲಿ ಮಾಡಿದ ಉಪನ್ಯಾಸ)

ಪ್ರಾಂಶುಪಾಲರೇ, ಅಧ್ಯಾಪಕ ಮಿತ್ರರೇ, ನಾಳೆ ಮೇಷ್ಟ್ರು, ಮೇಡಂ ಆಗಲಿರುವ ಗೆಳೆಯರೇ,

ಈಗಷ್ಟೇ ಎಲ್ಲರೂ ಎದ್ದು ನಿಂತು, ಕೈ ಚಾಚಿ ಪ್ರತಿಜ್ಞೆ ಮಾಡಿದಿರಿ. ಕೂತುಕೊಳ್ಳುವಾಗ ಹಿಂದಿನ ಸಾಲಿನಲ್ಲಿ ಒಬ್ಬರು ಪಕ್ಕದವರನ್ನು 'ಇನ್ನೂ ಇದೆಯೇನ್ರೀ ಜೀತ?' ಅಂತ ಕೇಳಿದ್ದು ನನ್ನ ಕಿವಿಗೂ ಬಿತ್ತು. ಬೇಜಾರೇನಿಲ್ಲ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು ನಾನು. ಮೊದಲ ಹನ್ನೆರಡು ವರ್ಷ ನನಗೆ ಆ ಪ್ರಶ್ನೆಯೂ ಹುಟ್ಟಿರಲಿಲ್ಲ. ನೀವೇ ವಾಸಿ.

ಆಗಿನ ನನ್ನ ಪಾಠ ಕೇಳಿ. ಆಫ್ರಿಕಾದಿಂದ ಹಡಗು, ಅಮೆರಿಕದಲ್ಲಿ ಹತ್ತಿ ಹೊಲ, ಲಿಂಕನ್, 1863. ಪರೀಕ್ಷೆಗೆ ಐದು ಅಂಕ. ಬೋರ್ಡಿನ ಮೇಲೆ ಸರಪಳಿ ಚಿತ್ರ ಬೇರೆ ಬರೆಯುತ್ತಿದ್ದೆ, ಚೆನ್ನಾಗಿಯೇ ಬರುತ್ತಿತ್ತು. ಎಡವಟ್ಟಾಗಿದ್ದು ಆ ಸರಪಳಿಯಿಂದಲೇ. ಸರಪಳಿ ಇದ್ದರೆ ಗುಲಾಮ, ಇಲ್ಲದಿದ್ದರೆ ಆಳು ಅಂತ ಮಕ್ಕಳು ತಿಳಿದರು. ನಾನೂ ಹಾಗೇ ತಿಳಿದಿದ್ದೆ.

ಆಮೇಲೆ ಒಂದು ದಿನ ಊರ ಮನೆಯ ಅಟ್ಟ ಗುಡಿಸುವಾಗ ತಾತನ ಲೆಕ್ಕದ ಪುಸ್ತಕ ಸಿಕ್ಕಿತು. ಉದ್ದನೆಯದು, ಕೆಂಪು ಬಟ್ಟೆಯ ರಟ್ಟು. ಒಂದು ಪುಟದ ಮೇಲೆ ನಮ್ಮ ಮನೆಯಲ್ಲಿದ್ದ ಒಬ್ಬ ಆಳಿನ ಹೆಸರು, ಕೆಳಗೆ ಅವನ ಹೆಬ್ಬೆಟ್ಟು. ಎಡಗಡೆ ಕೊಟ್ಟಿದ್ದು, ಬಲಗಡೆ ಜಮಾ. ಎಡಗಡೆ ಮೊದಲ ಸಾಲು: ಮಗಳ ಮದುವೆಗೆ 120 ರೂಪಾಯಿ. ಮುಂದಿನ ವರ್ಷ: ಕಂಬಳಿ ಒಂದು, 9 ರೂಪಾಯಿ. ಆಮೇಲೆ: ಜ್ವರ, ನಾಗಾ 11 ದಿನ, ಐದೂವರೆ ರೂಪಾಯಿ. ಆಮೇಲೆ: ಎಮ್ಮೆ ಕರು ಕೆರೆಗೆ ಬಿದ್ದು ಸತ್ತಿದ್ದು, 15 ರೂಪಾಯಿ. ಕರು ಹಾರಿಕೊಂಡಿದ್ದಕ್ಕೂ ಅವನೇ ಹೊಣೆ, ನೋಡಿ! ಹೀಗೆ ಒಂಬತ್ತು ವರ್ಷ. ಕೊನೆಗೆ ಬಾಕಿ 187 ರೂಪಾಯಿ. ಬಲಗಡೆ ಏನಿತ್ತು ಗೊತ್ತಾ? ಏನೂ ಇಲ್ಲ. ಒಂಬತ್ತು ವರ್ಷ ಉತ್ತಿದ್ದು, ಬಿತ್ತಿದ್ದು, ಸಗಣಿ ಬಾಚಿದ್ದು ಯಾವುದಕ್ಕೂ ಒಂದು ಅಂಕಿ ಇಲ್ಲ. ಅವನ ಕೆಲಸವೆಲ್ಲ ಬಡ್ಡಿಗೇ ಸರಿಹೋಗಿತ್ತು. ನಮ್ಮ ತಾತ ಲೆಕ್ಕದಲ್ಲಿ ಬಹಳ ಕಟ್ಟುನಿಟ್ಟು ಅಂತ ಊರೆಲ್ಲ ಹೊಗಳುತ್ತಿತ್ತು.

ನಮ್ಮ ಸೋದರತ್ತೆ ಆಗ ಇನ್ನೂ ಇದ್ದರು. ಕೇಳಿದೆ. 'ಅತ್ತೆ, ಅವನಿಗೆ ಬೇಡ ಅನ್ನಿಸಿದ್ದರೆ ಬಿಟ್ಟು ಹೋಗಬಹುದಿತ್ತಾ?' ಅತ್ತೆ ನಕ್ಕರು. 'ಎಲ್ಲಿಗೆ ಹೋಗ್ತಾನಪ್ಪ? ಮನೆ ಮಗನ ಹಾಗಿದ್ದ.' ಸರಿ. ಆದರೆ ನನಗೆ ಚಿಕ್ಕಂದಿನ ನೆನಪೊಂದಿದೆ. ಕೊಟ್ಟಿಗೆಯ ಸೂರಿನಲ್ಲಿ ಒಂದು ಅಲ್ಯೂಮಿನಿಯಂ ತಟ್ಟೆ ಸಿಕ್ಕಿಸಿರುತ್ತಿತ್ತು. ಅವನು ಅದನ್ನು ತೆಗೆದು, ತಾನೇ ತೊಳೆದು, ಹಿತ್ತಲ ಬಾಗಿಲಲ್ಲಿ ಹಿಡಿಯುತ್ತಿದ್ದ. ಅಜ್ಜಿ ಮೇಲಿಂದ ಮುದ್ದೆ ಹಾಕುತ್ತಿದ್ದರು. ಮನೆ ಮಗನ ತಟ್ಟೆ ಕೊಟ್ಟಿಗೆಯಲ್ಲಿ ಯಾಕಿತ್ತು ಅಂತ ಅತ್ತೆಯನ್ನು ಕೇಳಲಿಲ್ಲ. ವಯಸ್ಸಾಗಿತ್ತು, ಸುಮ್ಮನಾದೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಬೇಗ ಬೇಗ ಹೇಳುತ್ತೇನೆ.

ಜೀತ ಅನ್ನೋ ಪದಕ್ಕೆ ಮೊದಲಿದ್ದ ಅರ್ಥ ಸಂಬಳ, ಜೀವನೋಪಾಯ. 'ಜೀವಿತ'ದಿಂದ ಬಂದಿದ್ದು. ಸಂಬಳ ಅನ್ನೋ ಪದವೇ ಸಂಬಳವಿಲ್ಲದ ದುಡಿಮೆಗೆ ಹೆಸರಾಯಿತು! ಭಾಷೆ ಕೂಡ ಹೀಗೆ ಸಾಕ್ಷಿ ಹೇಳುತ್ತೆ. ಉಂಡ ಮನೆಗೆ ಎರಡು ಬಗೆಯಬೇಡ, ಉಪ್ಪಿನ ಋಣ ತೀರಿಸು ಅಂತೀವಲ್ಲ, ಈ ಮಾತೆಲ್ಲ ಯಾರಿಗೆ ಹೇಳಿದ್ದು? ಉಣಿಸಿದವರಿಗಂತೂ ಅಲ್ಲ. ಮಲೆನಾಡಿನಲ್ಲಿ ಹುಟ್ಟಾಳು, ಮಣ್ಣಾಳು ಅಂತ ಎರಡು ಬಗೆ ಇತ್ತು. ಹುಟ್ಟಾಳು ಮನೆಯಲ್ಲೇ ಹುಟ್ಟಿದ ಆಳು. ಮಣ್ಣಾಳು ಜಮೀನು ಮಾರಿದರೆ ಜಮೀನಿನ ಜೊತೆಗೇ ಹೋಗುವವನು. ಬ್ರಿಟಿಷರ ಮೈಸೂರು ಗೆಜೆಟಿಯರ್‌ನಲ್ಲೇ ಇದೆ. ಹಡಗಿನ ಗುಲಾಮರ ಕಥೆಯೂ ದೂರದ್ದಲ್ಲ. ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ತಂದು ಮಾರಿದ ಜನರಲ್ಲಿ ತಪ್ಪಿಸಿಕೊಂಡು ಬಂದವರ ಮಕ್ಕಳು ಮೊಮ್ಮಕ್ಕಳು ಯಲ್ಲಾಪುರ, ಹಳಿಯಾಳದ ಕಾಡಿನಲ್ಲಿ ನೆಲೆಯಾದ ಸಿದ್ದಿಗಳಲ್ಲಿದ್ದಾರೆ. ಅವರು ಅಚ್ಚ ಕನ್ನಡ, ಕೊಂಕಣಿ ಮಾತಾಡುತ್ತಾರೆ.

1833ರಲ್ಲಿ ಬ್ರಿಟಿಷ್ ಪಾರ್ಲಿಮೆಂಟ್ ಗುಲಾಮಗಿರಿ ರದ್ದು ಮಾಡಿತು. ಎರಡು ಕೋಟಿ ಪೌಂಡ್ ಪರಿಹಾರವನ್ನೂ ಕೊಟ್ಟಿತು. ಯಾರಿಗೆ? ಮಾಲೀಕರಿಗೆ. ಗುಲಾಮರಿಗೆ ಒಂದು ಕಾಸೂ ಇಲ್ಲ. ಅದಕ್ಕೆ ಮಾಡಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ಮತ್ತೆ ಲೆಕ್ಕದ ಪುಸ್ತಕವೇ ಬಂತು, ಅಲ್ವಾ? ಆ ಕಾಯ್ದೆಯಿಂದ ಈಸ್ಟ್ ಇಂಡಿಯಾ ಕಂಪನಿಯ ನೆಲವನ್ನು ಹೊರಗಿಟ್ಟಿದ್ದರು. ಇಲ್ಲಿಗೆ 1843ರಲ್ಲಿ ಬೇರೆ ಕಾಯ್ದೆ ಬಂತು. ಅದೂ ಬಿಡುಗಡೆ ಮಾಡುತ್ತೇವೆ ಅನ್ನಲಿಲ್ಲ. ಮನುಷ್ಯರನ್ನು ಆಸ್ತಿ ಅಂತ ಕೋರ್ಟು ಒಪ್ಪುವುದಿಲ್ಲ ಅಂದಿತು, ಅಷ್ಟೇ. ಮನುಷ್ಯ ಆಸ್ತಿ ಅಲ್ಲವಾದರೆ ಏನಾಗಬೇಕು? ಸಾಲಗಾರ ಆಗಬೇಕು. 1859ರಲ್ಲಿ ಇನ್ನೊಂದು ಕಾಯ್ದೆ ಮಾಡಿದರು. ಮುಂಗಡ ತೆಗೆದುಕೊಂಡವನು ಕೆಲಸ ಬಿಟ್ಟರೆ ಮ್ಯಾಜಿಸ್ಟ್ರೇಟ್ ಅವನನ್ನು ಜೈಲಿಗೂ ಕಳಿಸಬಹುದು. ಅದು ರದ್ದಾಗಿದ್ದು 1925ರಲ್ಲಿ.

ಅದಕ್ಕೇ ನಾನು ಹೋದಲ್ಲೆಲ್ಲ ಹೊಡೆತ, ಸರಪಳಿ ಹುಡುಕಬೇಡಿ, ಬಿಟ್ಟು ಹೋಗಬಹುದಾ ಅಂತ ಕೇಳಿ ಅನ್ನೋದು. ನನ್ನ ಹೆಂಡತಿಗೆ ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. 'ನಾನು ಬಿಟ್ಟು ಹೋಗಬಹುದಾ?' ಅಂದಳು ಮೊನ್ನೆ. ಅದಕ್ಕೆ ಉತ್ತರ ಹುಡುಕುತ್ತಿದ್ದೇನೆ.

ತಮಾಷೆ ಇರಲಿ. 1976ರ ಜೀತ ರದ್ದತಿ ಕಾಯ್ದೆ ಓದಿ ನೋಡಿ. ಅದು ಕೇಳುವುದೂ ಇದನ್ನೇ. ಸಾಲದ ಕಾರಣಕ್ಕೆ ಬೇರೆ ಕಡೆ ಕೆಲಸಕ್ಕೆ ಹೋಗುವ, ಬೇಕಾದಲ್ಲಿ ಓಡಾಡುವ ಸ್ವಾತಂತ್ರ್ಯ ಹೋಗಿದೆಯಾ? ಹೋಗಿದ್ದರೆ ಜೀತ. ಆ ಸಾಲ ಅಲ್ಲಿಗೇ ಸತ್ತಹಾಗೆ, ತೀರಿಸಬೇಕಾಗಿಲ್ಲ. ಇದು ಜೀತ ಅಲ್ಲ ಅಂತ ತೋರಿಸಬೇಕಾದವನು ಸಾಲ ಕೊಟ್ಟವನು. 1982ರಲ್ಲಿ ಏಷ್ಯನ್ ಗೇಮ್ಸ್ ಕಟ್ಟಡ ಕೆಲಸಗಾರರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿದರೆ ಅದೂ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಅಂದಿತು. ಹಸಿವೂ ಒಂದು ಬಲವಂತವೇ ಅನ್ನೋದು ಆ ತೀರ್ಪಿನ ತಿರುಳು.

ಇನ್ನು ಇವತ್ತಿನ ರೂಪಗಳು. ಮೂರು ಪುಟ ಬರೆದುಕೊಂಡು ಬಂದಿದ್ದೆ, ಚೀಟಿ ಬಂತು, ಐದು ನಿಮಿಷ ಅಂತ. ಇಟ್ಟಿಗೆ ಗೂಡು, ಕಲ್ಲು ಕ್ವಾರಿ, ಕೊಡಗಿನ ಕಾಫಿ ತೋಟದ ಆಳುಗಳ ಲೈನ್ ಮನೆ, ಕಬ್ಬು ಕಡಿಯುವ ಗ್ಯಾಂಗು. ಎಲ್ಲ ಕಡೆ ಎಲ್ಲರೂ ಜೀತದಾಳುಗಳು ಅಂತಲ್ಲ. ಆದರೆ ಅಲ್ಲೆಲ್ಲ ಅಡ್ವಾನ್ಸ್ ಅನ್ನೋ ಪದ ಕೇಳಿಸುತ್ತೆ. ಕೇಳಿಸಿದಾಗ ಕಿವಿ ನೆಟ್ಟಗಾಗಲಿ. ಗಲ್ಫ್‌ನಲ್ಲಿ ಪಾಸ್‌ಪೋರ್ಟ್ ತೆಗೆದಿಟ್ಟುಕೊಂಡ ಮಾಲೀಕರ ಕಥೆ ಕರಾವಳಿಯವರಿಗೆ ಹೊಸದಲ್ಲ. 2025ರಲ್ಲಿ ಮ್ಯಾನ್ಮಾರ್‌ನ ಸೈಬರ್ ವಂಚನೆ ಅಡ್ಡೆಗಳಲ್ಲಿ ಸಿಕ್ಕಿಬಿದ್ದಿದ್ದ ನೂರಾರು ಭಾರತೀಯರನ್ನು ವಾಪಸ್ ಕರೆತಂದರು. ಇಂಗ್ಲಿಷ್, ಕಂಪ್ಯೂಟರ್ ಬಲ್ಲ ಹುಡುಗರೂ ಇದ್ದರು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಅಂದಾಜು ಜಗತ್ತಿನಲ್ಲಿ 5 ಕೋಟಿ ಜನ. ಬಲವಂತದ ದುಡಿಮೆ, ಬಲವಂತದ ಮದುವೆ ಎರಡೂ ಸೇರಿ, 2021ರ ಲೆಕ್ಕ.

ನಿಮ್ಮ ಕ್ಲಾಸಿನಲ್ಲಿ ಯಾವನಾದರೂ ಹುಡುಗ ಶಿವರಾತ್ರಿ ಕಳೆದ ಮೇಲೆ ಬರುವುದು ನಿಲ್ಲಿಸಿದರೆ ಹಾಜರಿಯಲ್ಲಿ ಗೈರು ಅಂತ ಬರೆದು ಬಿಟ್ಟುಬಿಡಬೇಡಿ. ಮನೆಗೆ ಹೋಗಿ. ಎಲ್ಲಿ ಕೆಲಸ, ಎಷ್ಟು ಮುಂಗಡ, ಯಾರು ಕೊಟ್ಟಿದ್ದು ಅಂತ ಕೇಳಿ. ಜೀತದಿಂದ ಬಿಡುಗಡೆಯಾದವರಿಗೆ ಬಿಡುಗಡೆ ಪತ್ರ ಕೊಡುವವರು ತಹಶೀಲ್ದಾರರಲ್ಲ, ಉಪವಿಭಾಗಾಧಿಕಾರಿ. ಇದನ್ನು ಬರೆದುಕೊಳ್ಳಿ.

ಸರಿ, ಮುಗಿಸಿದೆ. ತಾತನ ಲೆಕ್ಕದ ಪುಸ್ತಕ ತಂದಿದ್ದೇನೆ, ಈ ಟೇಬಲ್ ಮೇಲೇ ಇದೆ. ಆ ಆಳಿನ ಮೊಮ್ಮಕ್ಕಳು ಇದೇ ಜಿಲ್ಲೆಯಲ್ಲಿದ್ದಾರೆ, ಹಾಗಾಗಿ ಹೆಸರಿನ ಮೇಲೆ ಕಾಗದ ಅಂಟಿಸಿದ್ದೇನೆ. ಹೆಬ್ಬೆಟ್ಟು ಕಾಣುತ್ತೆ. ಬಂದು ನೋಡಿ. ಪುಟ ತಿರುಗಿಸುವಾಗ ಮಾತ್ರ ಹುಷಾರು, ಅಂಚು ಉದುರುತ್ತಿದೆ.