ಡಾಕ್ಟ್ರೇ, ನೀವು ಬರೀದೇ ಇದ್ರೆ ಇನ್ಯಾರೋ ಬರೀತಾರೆ

ಎಲ್ಲರಿಗೂ ನಮಸ್ಕಾರ. ನಮ್ಮ ಕೋಲಾರದ ಡಾಕ್ಟರ್‌ಗಳು ರೋಗಿಗಳಿಗೋಸ್ಕರ ಕನ್ನಡದಲ್ಲಿ ಬರೀಬೇಕು ಅಂತ ಹೋದ ವಾರ ಹೇಳಿದ್ದೆ. ಅದಕ್ಕೊಬ್ಬರು ಕಾಮೆಂಟ್ ಹಾಕಿದಾರೆ: "ಡಾಕ್ಟ್ರ ಕೆಲಸ ಚೀಟಿ ಬರೆಯೋದು, ಕಥೆ ಬರೆಯೋದಲ್ಲ." ಓದಿ ಮೈಯೆಲ್ಲ ಉರಿದುಹೋಯ್ತು.

ಸರಿ ಸ್ವಾಮಿ, ಚೀಟಿ ವಿಷಯಕ್ಕೇ ಬರೋಣ. ಸಾಯಂಕಾಲ ಯಾವುದಾದ್ರೂ ಮೆಡಿಕಲ್ ಸ್ಟೋರ್ ಮುಂದೆ ಸ್ವಲ್ಪ ಹೊತ್ತು ನಿಂತ್ಕೊಳ್ಳಿ. ಅಜ್ಜಿ ಚೀಟಿ ಚಾಚ್ತಾರೆ. ಅಂಗಡಿ ಹುಡುಗ ಮಾತ್ರೆ ಶೀಟನ್ನ ಕತ್ತರೀಲಿ ಕತ್ತರಿಸಿ ಕವರಿಗೆ ಹಾಕಿ, ಮೇಲೆ ಪೆನ್ನಲ್ಲಿ ಗೀಟು ಎಳೀತಾನೆ. ಬೆಳಿಗ್ಗೆ ಒಂದು, ರಾತ್ರಿ ಒಂದು. "ಇದು ಯಾತಕ್ಕಪ್ಪಾ?" "ಗ್ಯಾಸಿಗೆ ಅಜ್ಜಿ." ಮುಗೀತು. ಕಾಯಿಲೆ ಯಾಕೆ ಬಂತು, ಏನು ತಿನ್ನಬಾರದು, ಮಾತ್ರೆ ಯಾವಾಗ ನಿಲ್ಲಿಸಬೇಕು, ಇದನ್ನೆಲ್ಲ ಅಜ್ಜಿಗೆ ಹೇಳೋರು ಯಾರು? ಮೊಮ್ಮಗನ ವಾಟ್ಸ್ಆ್ಯಪ್! ಅದಕ್ಕೇ ಡಾಕ್ಟ್ರೇ ಬರೀಬೇಕು ಅಂದಿದ್ದು.

ನೀರಿನ ವಿಷಯ ತಗೊಳ್ಳಿ. ನಮ್ಮ ಕಡೆ ಬೋರ್‌ವೆಲ್ ಸಾವಿರ ಅಡಿ ದಾಟಿ ಎಷ್ಟು ಕಾಲ ಆಯ್ತು. ಕಲ್ಲಿನೊಳಗಿನ ಫ್ಲೋರೈಡ್ ನೀರಿಗೆ ಇಳಿಯುತ್ತೆ. ಬೇರೆ ನೀರೇ ಇಲ್ಲ ಅಂದ್ರೂ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುತ್ತೆ ಭಾರತೀಯ ಮಾನಕ. ಬಾಗೇಪಲ್ಲಿ ಕಡೆ ಹೋಗಿ, ಮಕ್ಕಳು ನಕ್ಕಾಗ ಹಲ್ಲು ನೋಡಿ, ಕಂದು ಕಲೆ. ತಾಯಂದಿರು ಏನಂತಾರೆ ಗೊತ್ತಾ? "ನಾವು ಚೆನ್ನಾಗಿ ಕುದಿಸಿಯೇ ಕೊಡೋದು ಸಾರ್." ಅಯ್ಯೋ ತಾಯಿ, ಕುದಿಸಿದ್ರೆ ಕ್ರಿಮಿ ಸಾಯುತ್ತೆ, ಫ್ಲೋರೈಡ್ ಹೋಗಲ್ಲ! ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅದರ ಪ್ರಮಾಣ ಜಾಸ್ತಿನೇ ಆಗುತ್ತೆ. ಆ ಕಲೆ ಬೀಳೋದು ವಸಡಿನೊಳಗೆ ಹಲ್ಲು ರೂಪುಗೊಳ್ಳೋ ಚಿಕ್ಕ ವಯಸ್ಸಲ್ಲೇ. ಆಮೇಲೆ ಎಷ್ಟು ಉಜ್ಜಿದ್ರೂ ಹೋಗಲ್ಲ. ನಮ್ಮೂರಿನ ಒಬ್ಬ ಹಲ್ಲಿನ ಡಾಕ್ಟ್ರು ತಮ್ಮ ಹೆಸರು ಹಾಕಿ ಇಷ್ಟನ್ನ ಹತ್ತು ಸಾಲಲ್ಲಿ ಬರೆದಿದ್ರೆ ಆ ತಾಯಿ ಗ್ಯಾಸ್ ಉರಿಸೋದು ಬಿಟ್ಟು ಮಗುವಿಗೆ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರ್ತಿದ್ರು.

ಟೈಮ್ ಇಲ್ಲ ಅಂತೀರಾ? ದಿನಾ ಬಂದವರಿಗೆಲ್ಲ ಅದೇ ಮಾತು ಹೇಳಿ ಗಂಟಲು ಒಣಗಿಸ್ಕೊಳ್ಳೋಕೆ ಟೈಮ್ ಇದೆಯಲ್ಲ, ಒಂದ್ಸಲ ಬರೀರಿ! ಡಾ. ಅನುಪಮಾ ನಿರಂಜನ ಹೆಣ್ಣುಮಕ್ಕಳ ಆರೋಗ್ಯದ ಬಗ್ಗೆ ಕನ್ನಡದಲ್ಲಿ ಬರೀಲಿಲ್ವಾ? ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮನಸ್ಸಿನ ಕಾಯಿಲೆ ಬಗ್ಗೆ ಪುಸ್ತಕದ ಮೇಲೆ ಪುಸ್ತಕ ಬರೀಲಿಲ್ವಾ? ಅವರಿಗೇನು ರೋಗಿಗಳು ಇರ್ಲಿಲ್ವಾ?

ಡಾಕ್ಟರ್‌ಗಳು ಜಾಹೀರಾತು ಮಾಡೋ ಹಾಗಿಲ್ಲ ಅಂತ ಇನ್ನೊಬ್ಬರ ತಕರಾರು. ವೈದ್ಯಕೀಯ ಮಂಡಳಿಯ 2002ರ ನೀತಿ ನಿಯಮ ತೆಗೆದು ಓದಿ. ಪ್ರಚಾರಕ್ಕೆ ಬರೆಯೋದು ತಪ್ಪು. ಸಾರ್ವಜನಿಕ ಆರೋಗ್ಯದ ಬಗ್ಗೆ ಸ್ವಂತ ಹೆಸರಲ್ಲೇ ಪತ್ರಿಕೆಗೆ ಬರೀಬಹುದು, ಭಾಷಣ ಮಾಡಬಹುದು ಅಂತ ಅದೇ ನಿಯಮದಲ್ಲಿದೆ. ನೆಪ ಹೇಳಬೇಡಿ!

ಜನ ಓದಲ್ಲ ಅಂತಾರೆ. ಸಕ್ಕರೆ ಕಾಯಿಲೆಗೆ ಮಾತ್ರೆ ಬಿಟ್ಟು ಕಷಾಯ ಕುಡೀರಿ ಅನ್ನೋ ಮಾರುದ್ದದ ಫಾರ್ವರ್ಡನ್ನ ಇದೇ ಜನ ಅಲ್ವಾ ಕೊನೇ ಸಾಲಿನವರೆಗೂ ಓದೋದು?

ಈ ಮಾತು ಸರಿ ಅನ್ನಿಸಿದ್ರೆ ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ನಿಮಗೆ ಗೊತ್ತಿರೋ ಡಾಕ್ಟ್ರಿಗೆ ಕಳಿಸಿ. ಡಾಕ್ಟ್ರೇ, ಬರೆಯೋಕೆ ಬರಲ್ಲ ಅಂದ್ರೆ ಬಾಯಲ್ಲಿ ಹೇಳಿ, ನಾನೇ ಟೈಪ್ ಮಾಡ್ತೀನಿ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಎಲ್ಲಿಗಾದ್ರೂ ಸರಿ, ಬೈಕ್ ಹಾಕ್ಕೊಂಡು ಬರ್ತೀನಿ. ದುಡ್ಡು ಬೇಡ. ಹೆಸರು ನಿಮ್ಮದೇ ಇರ್ಲಿ. ಬರೀರಿ ಸಾರ್, ಬರೀರಿ ಮೇಡಂ!